‘ಕಾಡಿನಿಂದ ನೇರ’ ಅಂತ ಮಾರುವ ಅಪರೂಪದ ಬೀಜ ಕೊಳ್ಳಬಹುದಾ?

ಓದುಗರ ಪ್ರಶ್ನೆ: ಸರ್, ನಮಸ್ಕಾರ. ನಾನು ಗಂಗಾವತಿಯಲ್ಲಿ ಹೈಸ್ಕೂಲ್ ಟೀಚರ್. ಮನೆ ಮಾಳಿಗೆ ಮೇಲೆ ಕಳ್ಳಿ, ಅಡೇನಿಯಂ ಬೆಳೆಸುತ್ತೇನೆ. ಹೋದ ತಿಂಗಳು ಫೋನಿನಲ್ಲಿ ಒಂದು ಜಾಹೀರಾತು ಬಂತು. ‘ಸಂಡೂರು ಕಾಡಿನಿಂದ ನೇರ, ನೀಲಕುರಿಂಜಿಯ ತಾಜಾ ಬೀಜ, 20 ಬೀಜಕ್ಕೆ 499 ರೂಪಾಯಿ.’ ಆಸೆಗೆ ಒಂದು ಪ್ಯಾಕೆಟ್ ತರಿಸಿಬಿಟ್ಟೆ. ಅದೇ ಮಾರಾಟಗಾರರ ಹತ್ತಿರ ಮೆಕ್ಸಿಕೊದ ಆರಿಯೊಕಾರ್ಪಸ್ ಕಳ್ಳಿ ಬೀಜವೂ ಇದೆ, ಅದೂ ಕಾಡಿನಿಂದಲೇ ಆರಿಸಿದ್ದಂತೆ. ನಮ್ಮ ಯಜಮಾನರು ‘ಬೀಜ ತಾನೇ, ಗಿಡ ಕಿತ್ತಿಲ್ಲವಲ್ಲ’ ಅಂತಾರೆ. ಮಾರಿದವರನ್ನು ಕೇಳಿದರೆ, ಕಾಡಿನ ಜನಕ್ಕೆ ನಾಲ್ಕು ಕಾಸು ಸಿಗುತ್ತೆ, ಗಿಡದ ಸಂತತಿಯೂ ಉಳಿಯುತ್ತೆ ಅಂದರು. ಶಾಲೆಯಲ್ಲಿ ಒಬ್ಬರು ಕೇಸ್ ಆಗುತ್ತೆ ಅಂತ ಹೆದರಿಸಿದ್ದಾರೆ. ಈಗ ಬಿತ್ತಲಾ, ಎಸೆಯಲಾ, ಬೆಟ್ಟಕ್ಕೆ ಒಯ್ದು ಹಾಕಿಬಿಡಲಾ? ಇಂಥ ಬೀಜ ಕೊಳ್ಳುವುದು ತಪ್ಪಾ?

ಉತ್ತರ:

ಮೇಡಂ, ಅವಸರದ ಮಾತು ಮೊದಲು. ಪ್ಯಾಕೆಟ್ ಬಿತ್ತಬೇಡಿ, ಎಸೆಯಬೇಡಿ, ಬೆಟ್ಟಕ್ಕಂತೂ ಒಯ್ಯಲೇಬೇಡಿ. ಬಂದ ಕವರಿನಲ್ಲೇ ಇಡಿ. ಆರ್ಡರ್ ಮಾಡಿದ ಸ್ಕ್ರೀನ್‌ಶಾಟ್, ಅವರ ಜೊತೆ ಆಡಿದ ಚಾಟ್ ಏನಿದೆಯೋ ಅದನ್ನೂ ಅಳಿಸಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಒಂದು ಕೇಸಿನ ಭಯ. ಇನ್ನೊಂದು, ನಾನು ಕೊಂಡದ್ದರಿಂದ ಆ ಬೆಟ್ಟಕ್ಕೆ ಏನಾದರೂ ಕೆಡುಕಾಯಿತಾ ಎನ್ನುವ ಕಸಿವಿಸಿ. ಕಾನೂನಿನದು ಬೇಗ ಮುಗಿಯುತ್ತದೆ. ಎರಡನೆಯದಕ್ಕೆ ಸ್ವಲ್ಪ ಸಮಯ ಬೇಕು, ಯಾಕೆಂದರೆ ಅಲ್ಲಿ ಪೂರ್ತಿ ಸರಿ, ಪೂರ್ತಿ ತಪ್ಪು ಅಂತ ಗೆರೆ ಎಳೆಯಲು ಆಗುವುದಿಲ್ಲ.

ನೀಲಕುರಿಂಜಿ ಈಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೂರನೇ ಪಟ್ಟಿಯಲ್ಲಿದೆ. 1972ರ ಈ ಕಾಯ್ದೆ ಹುಲಿ, ಕರಡಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಅದರಲ್ಲಿ ಗಿಡಗಳ ಪಟ್ಟಿಯೂ ಉಂಟು. ಮೊದಲು ಆರೇ ಹೆಸರು ಇದ್ದವು. 2022ರ ತಿದ್ದುಪಡಿಯಲ್ಲಿ ಪಟ್ಟಿ ದೊಡ್ಡದಾಯಿತು, ಕುರಿಂಜಿಯೂ ಸೇರಿತು. ಈ ಪಟ್ಟಿಯ ಗಿಡಗಳನ್ನು ಕಾಡಿನಿಂದ ಕೀಳುವುದು, ಸಂಗ್ರಹಿಸುವುದು, ಮಾರುವುದು ಅಪರಾಧ. ಲೈಸೆನ್ಸ್ ಇಲ್ಲದೆ ಬೆಳೆಸುವಂತಿಲ್ಲ, ಲೈಸೆನ್ಸ್ ಇಲ್ಲದವರಿಂದ ಕೊಳ್ಳುವಂತೆಯೂ ಇಲ್ಲ. ನಿಮ್ಮ ಯಜಮಾನರು ಹೇಳಿದ್ದಕ್ಕೆ ಇಲ್ಲೇ ಉತ್ತರ ಇದೆ: ಕಾಯ್ದೆ ‘ಗಿಡ ಅಥವಾ ಅದರ ಯಾವುದೇ ಭಾಗ’ ಅನ್ನುತ್ತದೆ, ಬೀಜವೂ ಗಿಡದ ಭಾಗವೇ. ಶಿಕ್ಷೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ತಿಳಿಯದೆ ಕೊಂಡಿದ್ದೀರಿ, ತಿಳಿದ ಮೇಲೆ ನೀವಾಗಿಯೇ ಹೋಗಿ ಹೇಳುವುದಕ್ಕೂ, ತಿಳಿದೂ ಬಿತ್ತಿ ಬೆಳೆಸುವುದಕ್ಕೂ ಬಹಳ ವ್ಯತ್ಯಾಸ ಇದೆ.

ಕಾನೂನು ಇಷ್ಟು. ಆದರೆ ಕುರಿಂಜಿಯನ್ನೇ ಯಾಕೆ ಇಷ್ಟು ಬಿಗಿಯಾಗಿ ಕಾಯಬೇಕು?

ನಾನು ಬಳ್ಳಾರಿ ಜಿಲ್ಲೆಯಲ್ಲಿ, ಗಣಿ ಅಗೆದು ಬಿಟ್ಟ ಜಾಗದಲ್ಲಿ ಮತ್ತೆ ಇಲ್ಲಿನ ಗಿಡ ಎಬ್ಬಿಸುವ ಕೆಲಸ ಮಾಡುತ್ತೇನೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ಮತ್ತೆ ಶುರು ಮಾಡಬೇಕಾದರೆ ಹಾಳಾದ ನೆಲ ಸರಿಪಡಿಸುವ ಯೋಜನೆ ಇರಲೇಬೇಕು ಅಂತಾಯಿತು. ಆ ಕೆಲಸಕ್ಕೆ ಕಾಡಿನ ಬೀಜ ಬೇಕೇ ಬೇಕು, ಹಾಗಾಗಿ ಬೀಜ ಆರಿಸುವುದೇ ನನ್ನ ಕಸುಬು. ಕಾಡಿನಿಂದ ಬೀಜ ತರುವುದೇ ಪಾಪ ಅಂತ ನಾನು ಹೇಳಲಾರೆ. ಯಾರು, ಯಾವ ಗಿಡದಿಂದ, ಎಷ್ಟು, ಯಾರ ಒಪ್ಪಿಗೆಯಿಂದ ತಂದರು, ಅದು ಕೊನೆಗೆ ಎಲ್ಲಿಗೆ ಹೋಯಿತು ಅನ್ನುವುದು ಪ್ರಶ್ನೆ.

ಒಂದು ಕಮರದ ಮರ ತಗೊಳ್ಳಿ. ನಮ್ಮ ಬೆಟ್ಟಗಳಲ್ಲಿ ಕಲ್ಲು ನೆಲದಲ್ಲೂ ನಿಲ್ಲುವ ಮರ. ಮೂರರಿಂದ ಐದು ವರ್ಷಕ್ಕೊಮ್ಮೆ ಮೈತುಂಬ ಬೀಜ ಬಿಡುತ್ತದೆ. ಬಹಳ ವರ್ಷ ಬದುಕುವ ಮರ ಅದು, ತನ್ನ ಆಯುಷ್ಯದಲ್ಲಿ ತನ್ನ ಜಾಗಕ್ಕೆ ಒಂದೋ ಎರಡೋ ಮರ ಎಬ್ಬಿಸಿದರೂ ಸಾಕು. ಒಳ್ಳೆ ವರ್ಷದಲ್ಲಿ ನಾಲ್ಕು ಬೊಗಸೆ ಆರಿಸಿದರೆ ಆ ಕಾಡಿಗೆ ಏನೂ ಆಗುವುದಿಲ್ಲ. ಅಂಥ ಮರಗಳಿಗೆ ಕೊಡಲಿಯದೇ ಅಪಾಯ, ಬೀಜ ಆರಿಸುವವರದಲ್ಲ. ‘ಬೀಜ ಹೇಗಿದ್ದರೂ ಬಿದ್ದು ಹೋಗುತ್ತೆ’ ಅನ್ನುವ ಮಾತು ಇಂಥ ಮರಕ್ಕೆ ಮುಕ್ಕಾಲು ಪಾಲು ನಿಜ.

ಕುರಿಂಜಿಯ ಬಾಳು ಬೇರೆ. ಅದು 12 ವರ್ಷ ಬರೀ ಎಲೆ ಬಿಟ್ಟುಕೊಂಡು ಬೆಳೆಯುತ್ತದೆ. ಆಮೇಲೆ ಬೆಟ್ಟದ ಗಿಡಗಳೆಲ್ಲ ಒಂದೇ ಹೊತ್ತಿಗೆ ಹೂ ಬಿಟ್ಟು, ಬೀಜ ಮಾಡಿ, ಸತ್ತುಹೋಗುತ್ತವೆ. ತಾಯಿ ಗಿಡ ಉಳಿಯುವುದಿಲ್ಲ, ಮುಂದಿನ ವರ್ಷದ ಹೂವು ಅಂತ ಇರುವುದಿಲ್ಲ. ಆ ಒಂದು ಸಲದ ಬೀಜವೇ ಮುಂದಿನ ತಲೆಮಾರು ಪೂರ್ತಿ. ಒಂದೇ ಸಲ ರಾಶಿ ರಾಶಿ ಬೀಜ ಬಿಡುವುದಕ್ಕೂ ಕಾರಣ ಇದೆ. ಹಕ್ಕಿ, ಇಲಿ, ಹುಳ ತಿಂದು ತೇಗಿದರೂ ಮಿಕ್ಕಬೇಕು, ಮಿಕ್ಕಿದ್ದು ಮೊಳೆಯಬೇಕು. ನೋಡಿದವರಿಗೆ ಜಾಸ್ತಿ ಇದೆ ಅನ್ನಿಸುತ್ತದೆ, ಆದರೆ ಆ ಜಾಸ್ತಿಗೆ ಲೆಕ್ಕ ಇದೆ. ಅಲ್ಲಿ ಚೀಲ ಹಿಡಿದು ಇಳಿಯುವುದು ರೈತ ಬಿತ್ತನೆಗೆ ಎತ್ತಿಟ್ಟ ಜೋಳವನ್ನೇ ಹೊತ್ತೊಯ್ದ ಹಾಗೆ. ಮೂನ್ನಾರಿನ ಕಡೆ ಹರಡಿದ ದೊಡ್ಡ ಬೆಟ್ಟಗಳಿಗೆ ಹೋಲಿಸಿದರೆ ಸಂಡೂರಿನ ಬೆಟ್ಟಸಾಲು ಚಿಕ್ಕದು, ಸುತ್ತ ಅದಿರಿನ ಗಣಿ, ಲಾರಿ ರಸ್ತೆ. ಇಲ್ಲಿ ಒಂದು ಸಲದ ಬೀಜ ತಪ್ಪಿದರೆ ಪಕ್ಕದ ಬೆಟ್ಟದಿಂದ ಬಂದು ತುಂಬಿಕೊಳ್ಳಲು ಪಕ್ಕದಲ್ಲಿ ಅಂಥ ಬೆಟ್ಟವೇ ಇಲ್ಲ.

ಇದೇ ಕಾರಣಕ್ಕೆ ನಾವು ಬೀಜ ಆರಿಸುವಾಗ ಒಂದು ಮಿತಿ ಇಟ್ಟುಕೊಳ್ಳುತ್ತೇವೆ. ಲಂಡನ್ನಿನ ಕ್ಯೂ ಗಾರ್ಡನ್‌ನ ಬೀಜ ಬ್ಯಾಂಕಿನವರು ಪಾಲಿಸುವ ನಿಯಮ ನಮಗೂ ಅನುಕೂಲ: ಆ ದಿನ ಬಲಿತು ನಿಂತ ಬೀಜದಲ್ಲಿ ಶೇ 20ಕ್ಕಿಂತ ಹೆಚ್ಚು ಮುಟ್ಟಬಾರದು, ಅದನ್ನೂ ಒಂದೆರಡು ಗಿಡ ಬೋಳಿಸಿ ಅಲ್ಲ, ಸಾಧ್ಯವಾದರೆ ಐವತ್ತಕ್ಕೂ ಹೆಚ್ಚು ಗಿಡಗಳಿಂದ ಸ್ವಲ್ಪ ಸ್ವಲ್ಪ. ಅಪರೂಪದ ಗಿಡವಾದರೆ ಇನ್ನೂ ಕಡಿಮೆ. ಅರಣ್ಯ ಇಲಾಖೆಯ ಅನುಮತಿ ಪತ್ರ ಜೇಬಿನಲ್ಲಿರಬೇಕು. ಎಲ್ಲಿ, ಯಾವ ದಿನ, ಎಷ್ಟು ಗಿಡದಿಂದ ಅಂತ ಬರೆದಿಡಬೇಕು. ನಿಮಗೆ ಬೀಜ ಮಾರಿದವರಿಗೆ ಈ ಪ್ರಶ್ನೆ ಕೇಳಿ ನೋಡಿ. ಚೆನ್ನಾಗಿ ಆರಿಸಿದವರು ಹೇಳಲು ಹಿಂಜರಿಯುವುದಿಲ್ಲ, ಬಿಟ್ಟರೆ ಅರ್ಧ ಗಂಟೆ ಅದನ್ನೇ ಹೇಳುತ್ತಾರೆ.

ಇನ್ನೊಂದು ವಿಷಯ, ಇದು ಜಾಹೀರಾತಿನಲ್ಲಿ ಕಾಣದ್ದು. ಮಾರಾಟಕ್ಕೆ ಬೀಜ ಆರಿಸುವವನಿಗೆ ಕಾಯ್ದು ಕೂರುವ ಪುರುಸೊತ್ತು ಇರುವುದಿಲ್ಲ. ತಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಅನ್ನುವ ಭಯ. ಹಾಗಾಗಿ ಕಾಯಿ ಬಲಿಯುವ ಮೊದಲೇ ಕೊಂಬೆ ಸಮೇತ ಕಡಿಯುತ್ತಾರೆ. ಚಾರೋಳಿ ಮರಗಳಿಗೆ ದೇಶದ ಎಷ್ಟೋ ಕಾಡಿನಲ್ಲಿ ಇದೇ ಗತಿ ಆಗಿದೆ. ಮಾಕಳಿ ಬೇರಿನ ಬಳ್ಳಿಯದು ಇನ್ನೂ ಕಷ್ಟ. ಉಪ್ಪಿನಕಾಯಿಗೆ ಅಂತ ಗಡ್ಡೆ ಅಗೆದೂ ಅಗೆದೂ ಬಂಡೆಗುಡ್ಡಗಳಲ್ಲಿ ಅದು ಅಪರೂಪವಾಗಿದೆ. ಬೇರಿಗೆ ಬಳ್ಳಿಯೇ ಹೋದರೆ ಬೀಜ ಬಿಡುವುದು ಯಾವುದು? ಅಂಥ ಕಡೆ ಉಳಿದ ಒಂದೆರಡು ಬಳ್ಳಿಯ ಬೀಜವನ್ನೂ ‘ಅಪರೂಪದ್ದು’ ಅಂತ ಬೆಲೆ ಏರಿಸಿ ಮಾರಿದರೆ, ಅಪರೂಪವಾದಷ್ಟೂ ಬೆಲೆ, ಬೆಲೆ ಬಂದಷ್ಟೂ ಕೊಯ್ಲು ಅಂತ ಆಗುತ್ತದೆ. ನನಗೆ ಈ ವ್ಯಾಪಾರದಲ್ಲಿ ಅತಿ ಹೆಚ್ಚು ಭಯ ಹುಟ್ಟಿಸುವುದು ಇದೇ.

ಕಾಡಿನ ಜನಕ್ಕೆ ಕಾಸು ಸಿಗುತ್ತೆ ಅನ್ನುವ ಮಾತಿಗೆ ಬರೋಣ. ಇದನ್ನು ತಳ್ಳಿಹಾಕುವುದು ಸರಿಯಲ್ಲ. ಕೊಪ್ಪಳ, ಸಂಡೂರಿನ ಗುಡ್ಡಗಳಿಂದ ಸೀತಾಫಲ ತಂದು ರಸ್ತೆ ಬದಿ ಬುಟ್ಟಿ ಇಟ್ಟು ಮಾರುವ ಹೆಣ್ಣುಮಕ್ಕಳನ್ನು ನೀವೂ ನೋಡಿದ್ದೀರಿ. ಆ ದುಡಿಮೆಯನ್ನು ಯಾರೂ ತಪ್ಪು ಅನ್ನಬಾರದು. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಿಗೆ, ಪಾರಂಪರಿಕವಾಗಿ ಕಾಡನ್ನು ನಂಬಿ ಬದುಕುವವರಿಗೆ ಕಿರು ಅರಣ್ಯ ಉತ್ಪನ್ನದ ಮೇಲೆ ಹಕ್ಕು ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ನೆಲ್ಲಿಕಾಯಿ ಕೊಯ್ಯುವುದರ ಬಗ್ಗೆ ಅಧ್ಯಯನ ನಡೆದಾಗ, ಮರಗಳಿಗೆ ಅವುಗಳ ಮೇಲೇ ಬೆಳೆದು ಸಾರ ಹೀರುವ ಬಂದಳಿಕೆ, ಕಾಡಿಗೆ ಲಂಟಾನ ಅನ್ನುವ ಕಳೆ ದೊಡ್ಡ ಕಾಟ ಅಂತ ಕಂಡುಬಂತು. ಕೊಯ್ಲೊಂದನ್ನೇ ದೂರುವ ಹಾಗಿರಲಿಲ್ಲ. ಕಾಡಿನ ಜನ ಕೈ ಹಾಕಿದ್ದೆಲ್ಲ ಹಾಳು ಅನ್ನುವ ಪಟ್ಟಣದವರ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ನಿಮ್ಮ ಮಾರಾಟಗಾರ ಹೇಳಿದ್ದು ಆ ಜನರ ಹೆಸರು ಮಾತ್ರ. ಯಾವ ಊರು, ಯಾವ ಗ್ರಾಮಸಭೆ, ಆರಿಸಿದವರಿಗೆ ಪ್ಯಾಕೆಟ್ಟಿಗೆ ಎಷ್ಟು ಸಿಕ್ಕಿತು ಅಂತ ಹೇಳಿದ್ದಾರಾ? ನಮ್ಮಲ್ಲಿ ಇದಕ್ಕೆ ದಾರಿ ಇದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ವ್ಯಾಪಾರಕ್ಕೆ ಕಾಡಿನ ಸಂಪತ್ತು ಬಳಸುವವರು ರಾಜ್ಯದ ಜೀವವೈವಿಧ್ಯ ಮಂಡಳಿಗೆ ತಿಳಿಸಬೇಕು, ಲಾಭದಲ್ಲಿ ಸ್ಥಳೀಯರಿಗೆ ಪಾಲು ಹೋಗಬೇಕು ಅನ್ನುವುದು ಅದರ ಆಶಯ. ಈ ದಾರಿಯಲ್ಲಿ ಬಂದ ಬೀಜವಾದರೆ ಅದಕ್ಕೆ ಕಾಗದ ಇರುತ್ತದೆ. ಕಾಗದ ಇಲ್ಲದೆ ಬಡವರ ಹೆಸರು ಮುಂದೆ ಮಾಡುವವರಿಗೆ ದುಡ್ಡು ಕೊಡಬೇಡಿ. ಯಾಕೆಂದರೆ ನಾಳೆ ಗಾರ್ಡ್ ಕೈಗೆ ಸಿಕ್ಕಿಬೀಳುವವನು ಗುಡ್ಡ ಹತ್ತಿದ ಕೂಲಿಯವನು, ಫೋನ್ ಹಿಡಿದು ಜಾಹೀರಾತು ಹಾಕಿದವನಲ್ಲ.

‘ಸಂತತಿ ಉಳಿಯುತ್ತೆ’ ಅನ್ನುವುದಂತೂ ಪೂರ್ತಿ ಸುಳ್ಳು. ನಿಮ್ಮ ಮಾಳಿಗೆಯ ಕುಂಡದಲ್ಲಿ ಒಂದು ಗಿಡ ಬದುಕಿದರೆ ಬೆಟ್ಟಕ್ಕೆ ಏನೂ ವಾಪಸ್ ಹೋಗುವುದಿಲ್ಲ. ಅದು ಯಾವ ಗಿಡದ ಮಗು, ಯಾವ ಇಳಿಜಾರಿನದು ಅಂತ ದಾಖಲೆ ಇಲ್ಲದಿದ್ದರೆ ಮುಂದೆ ಯಾವ ಪುನಶ್ಚೇತನದ ಕೆಲಸಕ್ಕೂ ಅದನ್ನು ಬಳಸಲು ಬರುವುದಿಲ್ಲ. ಅಷ್ಟಕ್ಕೂ ನೀಲಕುರಿಂಜಿ ಗಂಗಾವತಿಯಲ್ಲಿ ಬದುಕುವುದೇ ಕಷ್ಟ. ತಂಪು, ಮಂಜು, ಎತ್ತರ ಬೇಡುವ ಗಿಡ. ಏಪ್ರಿಲ್ ಮೇ ತಿಂಗಳ ನಮ್ಮ ಬಿಸಿಲಿಗೆ ಕಾದ ಮಾಳಿಗೆ ಮೇಲೆ ಅದರ ಸಸಿ ಉಳಿಯುತ್ತೆ ಅಂತ ನಾನು ನಂಬುವುದಿಲ್ಲ. 12 ವರ್ಷ ಉಳಿದು ಹೂ ಬಿಡುವುದು ಆಮೇಲಿನ ಮಾತು.

ಇನ್ನೂ ಒಂದು ಸಾಧ್ಯತೆ: ನಿಮ್ಮ ಕೈಯಲ್ಲಿರುವುದು ನೀಲಕುರಿಂಜಿಯೇ ಅಲ್ಲದಿರಬಹುದು. ಮೂನ್ನಾರಿನಲ್ಲಿ ಅದು ಬೆಟ್ಟ ತುಂಬ ಅರಳಿದ್ದು 2006ರಲ್ಲಿ, ಆಮೇಲೆ 2018ರಲ್ಲಿ. ಮುಂದಿನದು 2030. ಬೇರೆ ಬೇರೆ ಬೆಟ್ಟಗಳಲ್ಲಿ ಬೇರೆ ವರ್ಷ ಅರಳುವುದುಂಟು, ನಿಜ. ಆದರೆ ವರ್ಷಪೂರ್ತಿ ‘ತಾಜಾ ಬೀಜ’ ಸಿಗುವ ಗಿಡ ಇದಲ್ಲ. ಕುರಿಂಜಿ ಕುಟುಂಬದಲ್ಲಿ ನೂರಾರು ಜಾತಿ ಇವೆ, ಕೆಲವು ಪ್ರತಿ ವರ್ಷ ಹೂ ಬಿಡುತ್ತವೆ. ಬೀಜ ನೋಡಿ ಇದು ಇಂಥದ್ದೇ ಅಂತ ಮನೆಯಲ್ಲಿ ಕೂತು ಹೇಳಲು ಆಗುವುದಿಲ್ಲ. ಮೋಸಗಾರರಿಗೆ ಇದು ಗೊತ್ತು. ನೀಲಿ ಗುಲಾಬಿ ಬೀಜ, ಕಾಮನಬಿಲ್ಲಿನ ಬಣ್ಣದ ಹೂವಿನ ಬೀಜ, ಪ್ಯಾಕೆಟ್ ಆರ್ಕಿಡ್ ಬೀಜ ಎಲ್ಲವೂ ಇದೇ ಸಂತೆಯ ಸರಕು. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಅದರೊಳಗೆ ಮೊಳಕೆಗೆ ಬೇಕಾದ ಆಹಾರವೇ ಇರುವುದಿಲ್ಲ. ಕಾಡಿನಲ್ಲಿ ಒಂದು ಶಿಲೀಂಧ್ರದ ಸಹಾಯದಿಂದ, ಇಲ್ಲವೇ ಲ್ಯಾಬಿನಲ್ಲಿ ಮಾತ್ರ ಅದು ಮೊಳೆಯುತ್ತದೆ. ಕುಂಡದ ಮಣ್ಣಿಗೆ ಉದುರಿಸಿ ಆರ್ಕಿಡ್ ಬೆಳೆಸಿ ಅಂತ ಯಾರಾದರೂ ಮಾರಿದರೆ ಅಲ್ಲಿಗೇ ಬಿಡಿ. ಅಸಲಿ ಬೀಜವೇ ಆದರೂ ಮೊಳೆಯುತ್ತೆ ಅಂತಿಲ್ಲ. ನಮ್ಮ ದಿಂಡಿಗದ ಮರದ ಬೀಜ ಮೂಟೆಗಟ್ಟಲೆ ಆರಿಸಿದರೂ ಬಹುಪಾಲು ಜೊಳ್ಳೇ ಇರುತ್ತದೆ.

ಈಗ ಮೆಕ್ಸಿಕೊದ ಕಳ್ಳಿ. 2015ರಲ್ಲಿ ಪ್ರಪಂಚದ ಕಳ್ಳಿ ಜಾತಿಗಳನ್ನೆಲ್ಲ ಲೆಕ್ಕ ಹಾಕಿದಾಗ ಶೇ 31ರಷ್ಟು ಅಳಿವಿನ ಅಂಚಿನ ಕಡೆಗಿದ್ದವು. ಅದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು, ನಮ್ಮಂಥ ಗಿಡಪ್ರೇಮಿಗಳಿಗಾಗಿ ನಡೆಯುವ ಕಳ್ಳಸಾಗಣೆ. 2020ರಲ್ಲಿ ಇಟಲಿಯಲ್ಲಿ ಒಬ್ಬನೇ ಸಂಗ್ರಾಹಕನ ಹತ್ತಿರ ಚಿಲಿಯ ಮರುಭೂಮಿಯಿಂದ ಕಿತ್ತು ತಂದ ಸಾವಿರಕ್ಕೂ ಹೆಚ್ಚು ಕಳ್ಳಿ ಗಿಡ ಸಿಕ್ಕವು. ದಕ್ಷಿಣ ಆಫ್ರಿಕಾದಿಂದ ಕಾನೊಫೈಟಮ್ ಅನ್ನುವ ಪುಟ್ಟ ಗಿಡಗಳನ್ನು ಲಕ್ಷಗಟ್ಟಲೆ ಕಿತ್ತಿದ್ದಾರೆ. ಈ ಸಂಗ್ರಾಹಕರ ಲೋಕದಲ್ಲಿ ‘ಕಾಡಿನದು, ಇಂಥ ಕಣಿವೆಯದು’ ಅಂದರೆ ಬೆಲೆ ಜಾಸ್ತಿ. ಅದು ಹೆಚ್ಚು ಶುದ್ಧ ಅನ್ನುವ ನಂಬಿಕೆ. ತೋಟದಲ್ಲಿ ಸರಿಯಾಗಿ ಪರಾಗಸ್ಪರ್ಶ ಮಾಡಿಸಿದ ಬೀಜವೂ ಅದೇ ಜಾತಿಯ ಗಿಡವನ್ನೇ ಕೊಡುತ್ತದೆ, ಸಸಿ ನಮ್ಮ ಹವೆಗೆ ಹೊಂದುವುದೂ ಸುಲಭ. ನಿಮ್ಮ ಮಾಳಿಗೆಗೆ ಅದರಲ್ಲಿ ಕೊರತೆ ಏನೂ ಇಲ್ಲ.

ಕಾನೂನು ಇಲ್ಲಿ ಸ್ವಲ್ಪ ತೊಡಕಿನದು. ಅಪಾಯದಲ್ಲಿರುವ ಗಿಡ, ಪ್ರಾಣಿಗಳನ್ನು ದೇಶದಿಂದ ದೇಶಕ್ಕೆ ಮಾರುವುದಕ್ಕೆ ಕಡಿವಾಣ ಹಾಕುವ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಭಾರತ 1976ರಿಂದ ಇದೆ. ಆ ಒಪ್ಪಂದದ ಎರಡನೇ ಪಟ್ಟಿಯ ಎಷ್ಟೋ ಕಳ್ಳಿಗಳ ಬೀಜಕ್ಕೆ ವಿನಾಯಿತಿ ಉಂಟು. ಅದನ್ನೇ ಹಿಡಿದು ‘ಬೀಜಕ್ಕೆ ಕಾನೂನಿಲ್ಲ’ ಅನ್ನುತ್ತಾರೆ. ಆದರೆ ಮೆಕ್ಸಿಕೊದಿಂದ ಹೊರಗೆ ಹೋಗುವ ಕಳ್ಳಿ ಬೀಜಕ್ಕೆ ಆ ವಿನಾಯಿತಿ ಇಲ್ಲ. ಆರಿಯೊಕಾರ್ಪಸ್ ಇರುವುದಂತೂ ಮೊದಲನೇ ಪಟ್ಟಿಯಲ್ಲಿ, ಕಾಡಿನಿಂದ ತಂದದ್ದನ್ನು ದೇಶದಿಂದ ದೇಶಕ್ಕೆ ವ್ಯಾಪಾರ ಮಾಡುವಂತೆಯೇ ಇಲ್ಲ. ಇದರ ಮೇಲೆ ನಮ್ಮ ದೇಶದ್ದೇ 2003ರ ಸಸ್ಯ ಸಂಪರ್ಕತಡೆ ಆದೇಶ: ಹೊರದೇಶದ ಯಾವ ಬೀಜ ತರಿಸಬೇಕಾದರೂ ಆಮದು ಪರವಾನಗಿ, ಅಲ್ಲಿನ ಸರ್ಕಾರದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಪಾರ್ಸಲ್ ಮೇಲೆ ‘ಮಣಿ’ ಅಂತಲೋ ‘ಆಟಿಕೆ’ ಅಂತಲೋ ಬರೆದು ಕಳಿಸುತ್ತೇವೆ ಅಂದರೆ ಅವರು ಏನು ಮಾಡುತ್ತಿದ್ದಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತಿದೆ. ಈ ನಿಯಮ ಸುಮ್ನೆ ಕಿರಿಕಿರಿಗೆ ಮಾಡಿದ್ದಲ್ಲ. ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದ ಗಿಡ, ಸೌದೆಗೆ ಅಂತ ತಂದು ಬಿತ್ತಿದ್ದು. ಇವತ್ತು ಅದು ಆವರಿಸಿಕೊಂಡ ನಮ್ಮ ಕಡೆಯ ಕೆರೆ ಅಂಗಳ, ಹಳ್ಳದ ದಂಡೆ ನೋಡಿದರೆ ಸಾಕು, ನಾನು ವಿವರಿಸಬೇಕಿಲ್ಲ.

ಹಾಗಾದರೆ ಏನು ಕೊಳ್ಳಬಹುದು? ಬೆಳೆಸಿದ ಗಿಡದಿಂದ ಬಂದ ಬೀಜ ಕೊಳ್ಳಿ, ಧೈರ್ಯವಾಗಿ ಕೊಳ್ಳಿ. ನಮ್ಮ ದೇಶದಲ್ಲೇ ಕಳ್ಳಿ, ಅಡೇನಿಯಂ ಬೆಳೆಸಿ ಬೀಜ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ತಾಯಿ ಗಿಡದ ಫೋಟೊ ಕೇಳಿ, ಯಾವ ತಿಂಗಳು ಕಾಯಿ ಒಡೆಯಿತು ಕೇಳಿ. ಬೆಳೆಸಿದ ಗಿಡ ಕುಂಡದಲ್ಲಿ ಒಂದೇ ಸಮ, ನೀಟಾಗಿ ಕಾಣುತ್ತದೆ. ಕಾಡಿನಿಂದ ಕಿತ್ತದ್ದಕ್ಕೆ ಗಾಯ, ಕಲೆ, ಸೊಟ್ಟ ಬೇರು ಇರುತ್ತವೆ. ಶ್ರೀಗಂಧ, ರಕ್ತಚಂದನದ ಬೀಜ ಬೇಕಾದರೆ ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಅಥವಾ ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಿ. ಗೌರಿ ಹೂವಿನ ಬಳ್ಳಿಯನ್ನು ತಮಿಳುನಾಡಿನಲ್ಲಿ ರೈತರು ಬೀಜಕ್ಕಾಗಿಯೇ ಹೊಲದಲ್ಲಿ ಬೆಳೆಯುತ್ತಾರೆ, ಕಾಡಿನದು ಬೇಕಾಗಿಲ್ಲ. ಆದರೆ ಅದರ ಬೀಜ, ಗಡ್ಡೆ ಎರಡೂ ಕಡು ವಿಷ, ಮನೆಯಲ್ಲಿ ಮಕ್ಕಳಿದ್ದರೆ ಬೇಡ. ಈ ದಾರಿಯಲ್ಲೂ ಅಪಾಯ ಇಲ್ಲ ಅಂತಲ್ಲ. ಕಾಡಿನದನ್ನೇ ‘ಬೆಳೆಸಿದ್ದು’ ಅಂತ ಸುಳ್ಳು ಹೇಳಿ ಮಾರುವವರು ಇದ್ದಾರೆ. ಪ್ರಶ್ನೆ ಕೇಳಿದಾಗ ಸಿಟ್ಟಾಗುವವರಿಂದ ದೂರ ಇರಿ.

ಇನ್ನು ನಿಮ್ಮ ಪ್ಯಾಕೆಟ್. ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ಒಯ್ದು, ಎಲ್ಲಿ ಕೊಂಡಿರಿ ಅಂತ ಒಂದು ಹಾಳೆಯಲ್ಲಿ ಬರೆದು ಕೊಡಿ. ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ, ಮಾರುವವನನ್ನು ಹುಡುಕಲು ಅವರಿಗೆ ಅದು ಬೇಕು. ಮೊದಲು ಫೋನಿನಲ್ಲಿ ಕೇಳಿಕೊಳ್ಳಬೇಕು ಅಂದರೆ ಇಲಾಖೆಯ ಸಹಾಯವಾಣಿ 1926 ಇದೆ. ಜಾಹೀರಾತು ಬಂದ ಆ್ಯಪ್‌ನಲ್ಲೂ ದೂರು ಹಾಕಿ.

ಬೆಟ್ಟಕ್ಕೆ ಹಾಕಬೇಡಿ ಅಂದದ್ದಕ್ಕೆ ಕಾರಣ: ಆ ಬೀಜ ಸಂಡೂರಿನದ್ದೇ ಅಂತ ಯಾರು ಹೇಳಬೇಕು? ಬೇರೆ ಬೆಟ್ಟದ ಕುರಿಂಜಿ ಇಲ್ಲಿನದರ ಜೊತೆ ಬೆರೆತರೆ ಹೂ ಬಿಡುವ ವರ್ಷವೇ ಅದಲುಬದಲಾಗಬಹುದು, ಜೊತೆಗೆ ರೋಗ, ಕಳೆ ಬರಬಹುದು. ಆನೆಗೊಂದಿ, ಹಂಪಿ ಕಡೆ ಬೀಜದುಂಡೆ ಎಸೆಯುವ ಶಾಲಾ ಕಾರ್ಯಕ್ರಮಗಳಿಗೂ ಇದೇ ಮಾತು. ಆ ಗುಡ್ಡದಲ್ಲಿ ಈಗಾಗಲೇ ಇರುವ ಗಿಡದ ಬೀಜ ಬಿಟ್ಟು ಬೇರೆ ಯಾವುದನ್ನೂ ಉಂಡೆ ಕಟ್ಟಬೇಡಿ, ಅದನ್ನೂ ಇಲಾಖೆಯವರನ್ನು ಕೇಳಿಯೇ ಮಾಡಿ.

ನಿಮಗೆ ಕಾಡಿನದೇ ಒಂದು ಗಿಡ ಮನೆಯಲ್ಲಿ ಇರಬೇಕು ಅನ್ನುವ ಆಸೆ ಇದ್ದರೆ ತಂಗಡಿ ಹಾಕಿ. ಗುರುತಿನವರ ಹೊಲದ ಬದುವಿನಲ್ಲಿ ಸಿಗುತ್ತದೆ, ಒಂದು ಮಾತು ಕೇಳಿ ಒಣಗಿದ ಕಾಯಿ ನಾಲ್ಕು ಕಿತ್ತುಕೊಳ್ಳಿ. ಬೀಜದ ಸಿಪ್ಪೆ ಗಟ್ಟಿ. ಕುದಿ ಇಳಿದ ಬಿಸಿ ನೀರಿಗೆ ಹಾಕಿ ರಾತ್ರಿಯೆಲ್ಲ ಬಿಡಿ, ಬೆಳಗ್ಗೆ ಉಬ್ಬಿದ್ದನ್ನು ಮಾತ್ರ ಬಿತ್ತಿ. ಕೆಮ್ಮಣ್ಣಿಗೆ ಮರಳು ಬೆರೆಸಿ, ಮುಂಗಾರಿನ ಮೊದಲ ಮಳೆ ಹೊತ್ತಿಗೆ ದೊಡ್ಡ ಕುಂಡದಲ್ಲೇ ನೇರವಾಗಿ ಬಿತ್ತಿ, ಬೇರು ಆಳಕ್ಕೆ ಇಳಿಯುವ ಗಿಡ ಆದ್ದರಿಂದ ಕಿತ್ತು ನಾಟಿ ಮಾಡಿದರೆ ಸೊರಗುತ್ತದೆ. ನೀರು ನಿಲ್ಲದ ಹಾಗೆ ನೋಡಿಕೊಂಡರೆ ನಿಮ್ಮ ಮಾಳಿಗೆಯ ಬಿಸಿಲು ಅದಕ್ಕೆ ಭಾರ ಆಗುವುದಿಲ್ಲ.